ಮುರಿದದ್ದು ಅಚ್ಚು

ನನ್ನ ಅಣ್ಣ ಶರ್ಯತ್ತಿನ ಗಾಡಿ ಕೆಡವಿದ ಎಂದು ಆ ಊರಿನಲ್ಲಿ ಈಗಲೂ ಹೇಳುತ್ತಾರೆ. ಹೇಳುವವರಲ್ಲಿ ಎಷ್ಟೋ ಮಂದಿ ಆಗ ಹುಟ್ಟಿರಲಿಲ್ಲ. ಹುಟ್ಟಿದ್ದವರು ಕೂಡ ಆ ದಿನ ಎದ್ದ ಧೂಳು ಬಿಟ್ಟು ಹೆಚ್ಚೇನೂ ಕಂಡವರಲ್ಲ. ಆದರೂ ಎಲ್ಲರ ಬಾಯಲ್ಲಿ ಒಂದೇ ಮಾತು: ಹಗ್ಗ ಎಳೆದ, ಎತ್ತು ಬಿತ್ತು. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ.

ನನ್ನ ತವರು ಶಲವಡಿ. ನನ್ನನ್ನು ಕೊಟ್ಟ ಊರು ನವಲಗುಂದದ ಆಚೆ. ಅದರ ಹೆಸರು ಬೇಡ, ಅಲ್ಲಿ ನನ್ನ ಮಕ್ಕಳು ಬಾಳುವೆ ಮಾಡುತ್ತಿದ್ದಾರೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು. ನನ್ನ ಗಂಡ ಒಬ್ಬನೇ ಮಗ. ಮಾವನಿಗೆ ಸಾಕಷ್ಟು ಎರೆ ಹೊಲವಿತ್ತು, ಊರಿನಲ್ಲಿ ಅವನ ಮಾತಿಗೆ ಎದುರು ಮಾತಿರಲಿಲ್ಲ. ಅವನಿಗೆ ಇದ್ದ ಹುಚ್ಚು ಒಂದೇ, ಖಾಲಿ ಗಾಡಿಯ ಶರ್ಯತ್ತು.

ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಸುತ್ತಲಿನ ಊರವರು ಸೇರಿ ಇದನ್ನು ಆಡುತ್ತಿದ್ದರು. ಎರಡು ಗಾಡಿಗಳನ್ನು ಬಾಜುಬಾಜು ನಿಲ್ಲಿಸುವುದು. ಗಾಡಿಯಲ್ಲಿ ಹೇರು ಇರುವುದಿಲ್ಲ, ಹಗ್ಗ ಹಿಡಿದು ಹೊಡೆಯುವವ ಒಬ್ಬನೇ ಇರುತ್ತಾನೆ. ಆಚೆ ಬದುವಿನ ಗೆರೆಯನ್ನು ಮೊದಲು ದಾಟಿದ ಗಾಡಿ ಗೆದ್ದಂತೆ. ಗೆದ್ದರೆ ಬೆಳ್ಳಿಯ ಕಡಗ ಎತ್ತಿನ ಮಾಲೀಕನಿಗೆ, ರುಮಾಲು ಹೊಡೆದವನಿಗೆ. ಮಾವ ಇದಕ್ಕಾಗಿಯೇ ಒಂದು ಜೋಡಿ ಬಿಳಿ ಕಿಲಾರಿ ಎತ್ತು ಸಾಕಿದ್ದ. ಅವು ಹೊಲ ಉಳುತ್ತಿರಲಿಲ್ಲ. ಅವುಗಳಿಗೆ ಹತ್ತಿಕಾಳು ನೆನೆಸಿ ಒರಳಿನಲ್ಲಿ ರುಬ್ಬಿ ಕೊಡುವ ಕೆಲಸ ನನ್ನದು. ರುಬ್ಬಿ ರುಬ್ಬಿ ನನ್ನ ಅಂಗೈ ದಡ್ಡುಗಟ್ಟಿತ್ತು.

ಹೊಡೆಯುವ ಕೆಲಸ ನನ್ನ ಅಣ್ಣನದು. ಅವನು ನನಗಿಂತ ಹಿರಿಯ, ಅಪ್ಪ ಸತ್ತ ಮೇಲೆ ಅವ್ವನ ಜೊತೆ ಮನೆ ನಡೆಸುತ್ತಿದ್ದ. ಎತ್ತಿನ ಬೆನ್ನಿಗೆ ಬಾರಕೋಲು ತಾಗಿಸದೆ ಬರೀ ದನಿಯಿಂದ ಓಡಿಸುತ್ತಾನೆ ಎಂದು ಅಣ್ಣಿಗೇರಿಯ ತನಕ ಹೆಸರಿತ್ತು. ನನ್ನ ಸಂಬಂಧ ಕುದುರಿದ್ದಕ್ಕೂ ಅದೇ ಕಾರಣ ಎಂದು ನನಗೆ ಆಮೇಲೆ ಗೊತ್ತಾಯಿತು. ಮಾವ ಸೊಸೆಯನ್ನು ನೋಡಲು ಬಂದವನು ನನ್ನ ಅಣ್ಣನ ಜೊತೆ ಎತ್ತಿನ ಮಾತಾಡಿ ಎದ್ದು ಹೋಗಿದ್ದ.

ಅದು ನಮ್ಮ ಕಡೆ ಮಲಪ್ರಭೆಯ ಕಾಲುವೆ ಅಗೆಯುತ್ತಿದ್ದ ಕಾಲ. ಮಾವ ಕಾಲುವೆಯ ಕೆಲಸಕ್ಕೆ ಕಲ್ಲು ಹೇರುವುದನ್ನು ವಹಿಸಿಕೊಂಡಿದ್ದ. ಹೇರುವ ದೊಡ್ಡ ಗಾಡಿ ಕೆಟ್ಟು ಕೂತಾಗ ಹಗುರವಾದ ಶರ್ಯತ್ತಿನ ಗಾಡಿಗೇ ಕಲ್ಲು ತುಂಬಿಸಿ ಕಳಿಸಿದ. ಎರಡು ಗಾಲಿಗಳನ್ನು ಸೇರಿಸುವ ಕಬ್ಬಿಣದ ಅಚ್ಚು ಬಲಗಡೆಯ ಗಾಲಿಯ ಹತ್ತಿರ ಸೀಳಿತು. ಹೊಸ ಅಚ್ಚು ತರಿಸುವುದು ಬಿಟ್ಟು ನವಲಗುಂದದಲ್ಲಿ ಅದಕ್ಕೆ ಬೆಸುಗೆ ಹಾಕಿಸಿಕೊಂಡು ಬಂದು, ಮತ್ತೆ ಅದರಲ್ಲೇ ಕಲ್ಲು ಹೇರಿಸಿದ. ಇದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ.

ಶರ್ಯತ್ತಿನ ಹಿಂದಿನ ದಿನ ಅಣ್ಣ ಬಂದ. ನೀರು ಕುಡಿದವನೇ ಗಾಡಿಯ ಕೆಳಗೆ ಹೊಕ್ಕು ನೋಡಿದ. ನಾನು ಒರಳಿನ ಮುಂದೆ ಕೂತಿದ್ದೆ. ಅವನು ಹೊರಗೆ ಬಂದು ಮಾವನ ಮುಂದೆ ನಿಂತ.

"ಮಾವಾರ, ಈ ಅಚ್ಚಿನ ಮ್ಯಾಲ ಓಡಸೂದು ಬ್ಯಾಡ್ರಿ. ಬೆಸಗಿ ಬಾಜು ಮತ್ತ ಸೀಳಾಕತ್ತೈತಿ."

ಮಾವ ಎಲೆ ಅಡಿಕೆ ಮಡಚುತ್ತಿದ್ದವನು ತಲೆ ಎತ್ತಲಿಲ್ಲ. "ಹೇರಿಗೆ ತಡದೈತಿ, ಖಾಲಿ ಗಾಡಿಗೆ ತಡಿಯೂದಿಲ್ಲೇನು?"

"ಹೇರು ಮೆಲ್ಲಗ ಹೋಗತೈತ್ರಿ. ಇದು ಕುಣಕೋತ ಹೋಗೂದು. ದೊಡ್ಡ ಗಾಡೀದು ಅಚ್ಚು ತಗದು ಇದಕ್ಕ ಹಾಕೂಣ್ರಿ, ನಾನ ಹಾಕತೀನಿ."

"ಅದು ಬಾಳ ಭಾರ, ವಜ್ಜಾ. ವಜ್ಜಾ ಅಚ್ಚು ಹಾಕ್ಕೊಂಡು ಸೋಲಾಕ ಹೋಗೂದೇನು? ನಿನ್ನ ಕೆಲಸ ಹಗ್ಗ ಹಿಡಿಯೂದು. ಗಾಡಿ ನಂದು, ನಾ ನೋಡ್ಕೋತೀನಿ."

ಊಟಕ್ಕೆ ನೀಡುವಾಗ ನಾನು ಅಣ್ಣನ ಹತ್ತಿರ ಬಗ್ಗಿ, ಮೈಯಾಗ ಆರಾಮಿಲ್ಲ ಅಂತ ಹೇಳಿ ಮುಂಜಾನೆ ಊರಿಗೆ ಹೋಗಿಬಿಡು ಎಂದೆ. ಅವನು ನಕ್ಕ.

"ನಾ ಹೋಗಿಬಿಡತೀನಿ. ನಾಳಿಂದ ಮಾತು ಕೇಳಾಕಿ ನೀ."

ಮರುದಿನ ಹೊಲದ ಬದುವಿನ ಮೇಲೆ ಹೆಣ್ಣುಮಕ್ಕಳೆಲ್ಲ ಕೂತಿದ್ದೆವು. ಅತ್ತೆ ನನ್ನ ಮಗ್ಗುಲಲ್ಲಿದ್ದರು. ಗಾಡಿಗಳು ಬಿಟ್ಟವು. ನಮ್ಮ ಗಾಡಿ ಬಲಗಡೆ, ಅಂದರೆ ನಮ್ಮ ಕಡೆಗೇ ಇತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ನಮ್ಮದು ಮುಂದಿತ್ತು. ಆಗ ಬಲಗಡೆಯ ಗಾಲಿ ಹೊರಕ್ಕೆ ವಾಲಿತು. ಮೊದಲು ಆದದ್ದು ಅದು. ಅಣ್ಣನ ಕೈ ಆಗ ಮುಂದಕ್ಕೆ ಚಾಚಿತ್ತು, ಹಗ್ಗ ಸಡಿಲವಾಗಿ ಇಳಿಬಿದ್ದಿತ್ತು. ಗಾಲಿ ಬೇರೆಯಾಗಿ ಉರುಳಿತು, ಗಾಡಿಯ ಮೂಲೆ ನೆಲಕ್ಕೆ ಬಡಿಯಿತು, ಇಡೀ ಗಾಡಿ ಬಲಕ್ಕೆ ಸೆಳೆದುಕೊಂಡು ಬಲಗಡೆಯ ಎತ್ತನ್ನು ಕೆಡವಿತು. ಆಮೇಲೆ ಧೂಳು.

ನಾನು ಓಡಿದೆ. ನನ್ನ ಸೆರಗು ಹಿಡಿಯಲು ಅತ್ತೆ ಕೈ ಚಾಚಿದ್ದು ನೆನಪಿದೆ. ಅಣ್ಣ ಗಾಡಿಯ ಕೆಳಗಿದ್ದ. ಅವನ ತೊಡೆಯ ಮೇಲೆ ಗಾಡಿಯ ಭಾರ ಕೂತಿತ್ತು. ನನ್ನ ಗಂಡ ಇನ್ನಿಬ್ಬರನ್ನು ಕೂಗಿ ಗಾಡಿ ಎತ್ತುತ್ತಿದ್ದ. ಮಾವ ಎತ್ತಿನ ಹತ್ತಿರ ಕೂತಿದ್ದ. ಅದರ ಮುಂಗಾಲು ಮುರಿದು ಎಲುಬು ಕಾಣುತ್ತಿತ್ತು. ಅವನು ಅದರ ಕೊರಳ ಕೆಳಗಿನ ಗಂಗೆದೊಗಲು ನೇವರಿಸುತ್ತ, ಅಲ್ಲಿಂದಲೇ ತಿರುಗಿ ನನ್ನ ಅಣ್ಣನಿಗೆ ಕೇಳಿದ:

"ಬಲಕ್ಕ ಯಾಕ ಜಗ್ಗಿದ್ಯೋ ಮಗನ?"

ಅಣ್ಣ ಆಗ ನೋವಿಗೆ ಒದರುತ್ತಿದ್ದ. ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಸುತ್ತ ನಿಂತ ಜನರಿಗೆ ಬೇಕಾದದ್ದು ಸಿಕ್ಕಿತು. ಬಾಜು ಗಾಡಿ ಕಂಡು ಅಂಜಿ ಬಲಗಡೆಯ ಹಗ್ಗ ಜಗ್ಗಿದನಂತೆ ಎಂದು ಒಬ್ಬ ಹೇಳಿದ. ಕಾಲುವೆ ಕೆಲಸದವರ ಜೀಪು ಬಂದು ಅಣ್ಣನನ್ನು ಅದರಲ್ಲಿ ಮಲಗಿಸುವ ಹೊತ್ತಿಗೆ ಆ ಮಾತು ಕುಡಿದಿದ್ದನಂತೆ ಎಂದೂ ಆಗಿತ್ತು. ನನ್ನ ಅಣ್ಣ ಜೀವಮಾನದಲ್ಲಿ ಕುಡಿದವನಲ್ಲ. ಅವನ ಪಕ್ಕದಲ್ಲಿ ಕೂತು ಹುಬ್ಬಳ್ಳಿಯ ಆಸ್ಪತ್ರೆಯ ತನಕ ಹೋದವಳು ನಾನು. ಅವನ ಬಾಯಿಂದ ಬರುತ್ತಿದ್ದದ್ದು ಮುಂಜಾನೆ ನಾನೇ ಕೊಟ್ಟ ಮಜ್ಜಿಗೆಯ ವಾಸನೆ.

ಎತ್ತು ಆ ಸಂಜೆ ಸತ್ತಿತಂತೆ. ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ.

ನಾನು ಆಸ್ಪತ್ರೆಯಿಂದ ಬಂದಾಗ ಮುರಿದ ಗಾಡಿಯನ್ನು ಎಳೆದು ತಂದು ಹಿತ್ತಲಲ್ಲಿ ಹಾಕಿದ್ದರು. ನಾನು ಹೋಗಿ ಅಚ್ಚು ನೋಡಿದೆ. ಮುರಿದ ಬಾಯಿ ಎರಡು ಬಣ್ಣದಲ್ಲಿತ್ತು. ಮುಕ್ಕಾಲು ಪಾಲು ಕಪ್ಪು ತುಕ್ಕು, ಹಳೆಯದು. ಒಂದು ಮೂಲೆಯಲ್ಲಿ ಮಾತ್ರ ಹೊಸದಾಗಿ ಮುರಿದ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಶರ್ಯತ್ತಿನ ದಿನ ಇಡೀ ಗಾಡಿ ನಿಂತದ್ದು ಆ ಹೊಳೆಯುವ ಮೂಲೆಯ ಮೇಲೆ. ಮಕ್ಕಳಿಗೆ ತೋರಿಸಿದರೂ ತಿಳಿಯುತ್ತಿತ್ತು. ಗಂಡನನ್ನು ಕರೆದು ತೋರಿಸಿದೆ. ಅವನು ಕುಕ್ಕರಗಾಲಲ್ಲಿ ಕೂತು ನೋಡಿದ, ತುಕ್ಕಿನ ಮೇಲೆ ಬೆರಳಾಡಿಸಿದ.

"ಇದನ್ನ ಯಾರ ಮುಂದೂ ಹೇಳಬ್ಯಾಡ," ಎಂದ.

"ಯಾಕ್ರಿ?"

"ಅಪ್ಪ ಅದನ್ನ ಎತ್ತಿನ ದುಃಖದಾಗ ಅಂದಾನ. ನಾಕ ದಿನ ಹೋಗಲಿ, ಎಲ್ಲಾರೂ ಮರೀತಾರ."

ಯಾರೂ ಮರೆಯಲಿಲ್ಲ. ಮರೆಯಲು ಮಾವ ಬಿಡಲಿಲ್ಲ. ಸಂತೆಗೆ ಹೋದಲ್ಲಿ, ಮಂದಿ ಮಾತಾಡಿಸಲು ಬಂದಲ್ಲಿ, ಅದೇ ಕಥೆ. ಹೇಳುವಾಗ ಪ್ರತಿಸಲ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಅದು ನಾಟಕವಲ್ಲ, ನಿಜವಾದ ದುಃಖ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಮನುಷ್ಯನ ತಪ್ಪು ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕಬ್ಬಿಣ ಮುರಿಯಿತು ಎಂದರೆ ಮುಗಿಯುವುದಿಲ್ಲ. ಆ ಕಬ್ಬಿಣ ಯಾರದು, ಅದರ ಮೇಲೆ ಕಲ್ಲು ಹೇರಿದವರು ಯಾರು, ಬೇಡ ಎಂದವನ ಬಾಯಿ ಮುಚ್ಚಿಸಿ ಓಡಿಸಿದವರು ಯಾರು ಎಂದು ಕೇಳಬೇಕಾಗುತ್ತದೆ. ತನ್ನ ಎತ್ತನ್ನು ತಾನೇ ಕೊಂದೆ ಎಂದು ಒಪ್ಪಿಕೊಳ್ಳುವ ಎದೆ ಮಾವನಿಗೆ ಇರಲಿಲ್ಲ. ಅದಕ್ಕೆ ನನ್ನ ಅಣ್ಣನ ಕೈ ಬೇಕಾಯಿತು.

ಅಣ್ಣನ ತೊಡೆಯ ಎಲುಬು ಕೂಡಿತು, ಆದರೆ ಕಾಲು ಗಿಡ್ಡವಾಯಿತು. ಬಗಲಲ್ಲಿ ಕೋಲು ಊರಿ ನಡೆಯುವಂತಾದ ಮೇಲೆ ಮಾವ ಅವನನ್ನು ಕರೆಸಿದ. ಊರಿನ ಮೂವರು ಹಿರಿಯರನ್ನು ಪಡಸಾಲೆಯಲ್ಲಿ ಕೂರಿಸಿಕೊಂಡಿದ್ದ. ಅವ್ವನೂ ಅಣ್ಣನ ಜೊತೆ ಬಸ್ಸಿನಲ್ಲಿ ಬಂದಿದ್ದಳು. ಅವಳು ಬಾಗಿಲ ಹತ್ತಿರ ಗೋಡೆಗೆ ಆತು ನಿಂತಳು. ಅಣ್ಣನಿಗೆ ಕೂರಲು ಯಾರೂ ಹೇಳಲಿಲ್ಲ. ನಾನೇ ಒಳಗಿಂದ ಮಣೆ ತಂದು ಹಾಕಿದೆ. ಬೀಗರ ಹುಡುಗ, ಆದರೂ ಆಗಬಾರದ ಲುಕ್ಸಾನ ಆಗಿದೆ ಎಂದು ಮಾವ ಶುರು ಮಾಡಿದ. ಹಗ್ಗ ಜಗ್ಗಿದ್ದು, ಎತ್ತು ಬಿದ್ದದ್ದು, ಎಲ್ಲ ಹೇಳಿದ. ಅಚ್ಚಿನ ಹೆಸರು ಬರಲೇ ಇಲ್ಲ.

ನಾನು ಹಿತ್ತಲಿಗೆ ಹೋದೆ. ಅಚ್ಚನ್ನು ಅಷ್ಟರಲ್ಲಿ ಹೊಟ್ಟಿನ ಕೋಣೆಯಲ್ಲಿ ಗೋಣಿ ಚೀಲದ ಕೆಳಗೆ ಸೇರಿಸಿದ್ದರು. ಉದ್ದನೆಯ ತುಂಡು ನನ್ನೊಬ್ಬಳಿಗೆ ಎತ್ತಲಾಗಲಿಲ್ಲ. ಎಳೆದುಕೊಂಡೇ ಬಂದೆ. ಅಂಗಳದ ಹಾಸುಗಲ್ಲಿನ ಮೇಲೆ ಅದು ಕರಕರ ಎಂದು ಸದ್ದು ಮಾಡಿತು. ಪಡಸಾಲೆಯ ಮೆಟ್ಟಿಲ ಹತ್ತಿರ ಬಿಟ್ಟೆ.

"ಇದನ್ನೂ ನೋಡ್ರಿ," ಎಂದೆ. "ಇದು ಆವತ್ತ ಮುರದದ್ದಲ್ಲ. ಹಿಂದಿನ ದಿನ ನಮ್ಮಣ್ಣ ಬ್ಯಾಡ ಅಂತ ಹೇಳಿದ್ದ. ನಾ ಅಲ್ಲೇ ಕುಂತ ಕೇಳೀನಿ. ಮೊದಲು ಗಾಲಿ ಹೋತು, ಅದನ್ನ ಕಣ್ಣಾರೆ ನೋಡೀನಿ."

ಒಬ್ಬ ಹಿರಿಯ, "ಹೆಣ್ಮಕ್ಕಳು ಒಳಗ ಹೋಗ್ರಿ" ಎಂದ. ಇನ್ನೊಬ್ಬ ಎದ್ದು ಬಂದು ಬಗ್ಗಿ ನೋಡಿದ. ಅವನಿಗೆ ತಿಳಿಯಿತು ಎಂದು ಅವನ ಮುಖದಲ್ಲಿ ಕಂಡಿತು. ಆದರೆ ಅವನು ಬೆರಳಿಗೆ ಹತ್ತಿದ ತುಕ್ಕನ್ನು ಧೋತರಕ್ಕೆ ಒರೆಸಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತ. ಮಾವ ನನ್ನನ್ನು ನೋಡಲಿಲ್ಲ, ಕಂಬ ನೋಡುತ್ತಿದ್ದ. ನನ್ನ ಗಂಡ ನೆಲ ನೋಡುತ್ತಿದ್ದ. ನಾನು ಅಣ್ಣನ ಕಡೆ ತಿರುಗಿದೆ. ಈಗ ಅವನು ಹೇಳುತ್ತಾನೆ ಎಂದುಕೊಂಡೆ.

ಅಣ್ಣ ಅಚ್ಚಿನ ಮುರಿದ ಬಾಯಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಹಿರಿಯರ ಕಡೆ ಕೈ ಮುಗಿದ.

"ತಪ್ಪು ನಂದರಿ. ಬಾಜು ಗಾಡಿ ಸನೇಕ ಬಂತು ಅಂತ ನಾನ ಬಲಗಡಿ ಹಗ್ಗ ಜಗ್ಗಿದೆ."

ನನ್ನ ಕಾಲ ಕೆಳಗಿನ ಹಾಸುಗಲ್ಲು ಹಾಗೆಯೇ ಇತ್ತು, ಎದುರಿಗಿದ್ದವರು ಹಾಗೆಯೇ ಕೂತಿದ್ದರು. ಹಿರಿಯರಿಗೆ ಹಗುರವಾಯಿತು, ಅದು ಎದ್ದು ಕಾಣುತ್ತಿತ್ತು. ಹೊಡೆದವನೇ ಒಪ್ಪಿದ ಮೇಲೆ ಅಚ್ಚಿನ ಮಾತು ಯಾಕೆ ಎಂದರು. ಸತ್ತ ಎತ್ತಿನ ಬದಲಿಗೆ ನನ್ನ ತವರಿನ ಒಂದು ಎತ್ತು ತಂದು ಕಟ್ಟಬೇಕು ಎಂದು ತೀರ್ಮಾನವಾಯಿತು. ಅವ್ವ ಗೋಡೆ ಬಿಟ್ಟು ಅಲ್ಲೇ ಕುಸಿದು ಕೂತಳು. ತವರಿನಲ್ಲಿ ಇದ್ದದ್ದು ಒಂದೇ ಜೋಡಿ ಎತ್ತು.

ಆ ಎತ್ತು ಬಂತು. ಕಂದು ಬಣ್ಣದ, ಹೊಲ ಉಳುವ ಎತ್ತು. ನಾನು ಮದುವೆಗೆ ಮುಂಚೆ ಕೈಯಾರೆ ಮೇವು ಹಾಕಿದ್ದ ಎತ್ತು. ಕೊಟ್ಟಿಗೆಗೆ ಹೋದರೆ ನನ್ನ ಬಳೆಯ ಸದ್ದಿಗೆ ಎದ್ದು ನಿಲ್ಲುತ್ತಿತ್ತು. ಮಾವ ಅದನ್ನು ಒಂದು ದಿನವೂ ಮುಟ್ಟಲಿಲ್ಲ. ಅದು ಓಡುವ ಎತ್ತಲ್ಲ, ಅವನಿಗೆ ಅದು ಬೇಕೂ ಇರಲಿಲ್ಲ. ನಮ್ಮ ತಪ್ಪು ಎಂದು ಊರಿಗೆ ಕಾಣುವಂತೆ ಅದು ಅಲ್ಲಿ ನಿಂತಿರಬೇಕಿತ್ತು, ಅಷ್ಟೇ. ಅದಕ್ಕೆ ದಿನಾ ನಾನೇ ನೀರು ಕುಡಿಸಬೇಕಿತ್ತು.

ಮಳೆ ಹಿಡಿಯಿತು. ಶಲವಡಿಯ ಕಡೆಯಿಂದ ಬಂದವರೊಬ್ಬರು, ನಿಮ್ಮಣ್ಣ ಮಂದಿಯ ಎತ್ತು ಬೇಡಿಕೊಂಡು, ಆ ಕಾಲಲ್ಲೇ ಕೂರಿಗೆ ಹಿಡಿದು ಬಿತ್ತಲು ನೋಡುತ್ತಿದ್ದಾನೆ ಎಂದರು. ಮರುದಿನ ಬೆಳಿಗ್ಗೆ ಗಂಡಸರು ಹೊಲಕ್ಕೆ ಹೋದ ಮೇಲೆ ನಾನು ಕೊಟ್ಟಿಗೆಗೆ ಹೋಗಿ ಎತ್ತಿನ ಹಗ್ಗ ಬಿಚ್ಚಿದೆ. ಅಂಗಳಕ್ಕೆ ಬಂದಾಗ ಅತ್ತೆ ಬಾಗಿಲಲ್ಲಿದ್ದರು.

"ಎಲ್ಲಿಗೆ?"

"ಎತ್ತು ಬಿಟ್ಟು ಬರ್ತೀನ್ರಿ, ಅತ್ತೀರ."

ಅವರು ನನ್ನನ್ನೂ ಎತ್ತನ್ನೂ ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ.

"ಕೆನಾಲ್ ದಂಡಿ ಹಿಡದು ಹೋಗು," ಎಂದರು. "ರಸ್ತಾದಾಗ ಲಾರಿ ಬಾಳ ಅಡ್ಡಾಡತಾವು, ಎತ್ತು ಬೆದರತೈತಿ."

ಇಡೀ ದಿನ ನಡೆದೆ. ಹಸಿ ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುತ್ತಿರಲಿಲ್ಲ. ಗೃಹಸ್ಥರ ಮನೆಯ ಸೊಸೆ ಒಬ್ಬಳೇ ಎತ್ತು ಹೊಡೆದುಕೊಂಡು ಹೋಗುವುದನ್ನು ನವಲಗುಂದದ ಬಾಜು ಗಂಡಸರು ನಿಂತು ನೋಡಿದರು. ಯಾರಾದರೂ ಒಂದು ಮಾತು ಕೇಳಲಿ ಎಂದು ನಾನು ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ.

ಅಣ್ಣ ನನ್ನನ್ನು ಕಂಡು ಸಂತೋಷಪಡಲಿಲ್ಲ. "ಒಯ್ದು ಬಿಟ್ಟು ಬಾ," ಎಂದ.

"ಒಯ್ಯೂದಿಲ್ಲ. ನೀ ಯಾಕ ಸುಳ್ಳು ಹೇಳಿದಿ?"

"ಅಚ್ಚು ಮುರೀತು ಅಂದಿದ್ರ ನಿಮ್ಮ ಮಾವನ್ನ ಸುಳ್ಳುಗಾರ ಅಂದಂಗ ಆಗತಿತ್ತು. ಆಮ್ಯಾಲ ಆ ಮನ್ಯಾಗ ನೀ ಹೆಂಗ ಇರತಿದ್ದಿ?"

"ನನ್ನ ಕೇಳಿದ್ಯೇನು? ಅಲ್ಲಿ ಇರಬೇಕೋ ಬ್ಯಾಡೋ ಅಂತ ನನ್ನ ಒಂದು ಮಾತು ಕೇಳಿದ್ಯೇನು? ಅಷ್ಟು ಮಂದಿ ಮುಂದ ನಾ ಅಚ್ಚು ಎಳಕೊಂಡು ಬಂದೆ. ನೀ ನನ್ನ ಸುಳ್ಳುಗಾತಿ ಮಾಡಿದಿ."

ಅವ್ವ ನಡುವೆ ಬಂದು ಇಬ್ಬರಿಗೂ ರೊಟ್ಟಿ ಇಟ್ಟಳು. ನಾವು ಬೇರೆ ಬೇರೆ ಮೂಲೆಯಲ್ಲಿ ಕೂತು ತಿಂದೆವು. ಮರುದಿನ ಬಿತ್ತಲು ಹೋದೆವು. ಅವನು ಕುಂಟುತ್ತ ಎತ್ತು ಹೊಡೆದ, ನಾನು ಕೂರಿಗೆಯ ಹಿಂದೆ ಕಾಳು ಬಿಟ್ಟೆ. ಹೊಲದ ಕೆಲಸಕ್ಕೆ ಬೇಕಾದಷ್ಟೇ ಮಾತು.

ಬಿತ್ತನೆ ಮುಗಿಯುವ ಹೊತ್ತಿಗೆ ನನ್ನ ಗಂಡ ಸೈಕಲ್ ಮೇಲೆ ಬಂದ. ಅಂಗಳದಲ್ಲಿ ನಿಂತು ಕಾಲು ತೊಳೆದುಕೊಂಡ. ಅಣ್ಣನ ಎದುರಿಗೆ ಕೂತು, "ಅಚ್ಚು ಮೊದಲ ಸೀಳಿತ್ರಿ. ನನಗ ಗೊತ್ತೈತಿ" ಎಂದ.

ಅಣ್ಣ ಹೂಂ ಎಂದು ತಲೆ ಅಲ್ಲಾಡಿಸಿದ. ನನಗೆ ಅಷ್ಟು ಸಾಕಾಗಲಿಲ್ಲ.

"ಇದನ್ನ ಇಲ್ಲಿ ಹೇಳಿದ್ರ ಏನಾತ್ರಿ? ಇಲ್ಲಿ ಇರೂ ಮೂರೂ ಮಂದಿಗೆ ಗೊತ್ತೈತಿ. ನಿಮ್ಮಪ್ಪನ ಮುಂದ ಹೇಳ್ರಿ."

"ಅಪ್ಪನ ಮುಂದ ಹೆಂಗ ಹೇಳ್ಲಿ," ಎಂದ. ಅವನ ದನಿಯಲ್ಲಿ ಮೋಸ ಇರಲಿಲ್ಲ, ಅಂಜಿಕೆ ಇತ್ತು. ಮೀಸೆ ಬಂದ ಗಂಡಸು.

ಆದರೂ ನಾನು ಅವನ ಹಿಂದೆ ಹೋದೆ. ಹೋಗದೆ ತವರಿನಲ್ಲೇ ಉಳಿದಿದ್ದರೆ ಅಣ್ಣನ ತಲೆಯ ಮೇಲೆ ಇನ್ನೊಂದು ಭಾರ ಕೂರುತ್ತಿತ್ತು. ಎತ್ತನ್ನು ಮಾತ್ರ ಒಯ್ಯಲಿಲ್ಲ. ಮಾವ ಅದರ ಬಗ್ಗೆ ಕೇಳಲೂ ಇಲ್ಲ. ಕೇಳದೆ ಬಿಟ್ಟದ್ದೇ ಒಪ್ಪಿಕೊಂಡಂತೆ ಎಂದು ನನ್ನ ಗಂಡ ಕಡೆಯ ತನಕ ಹೇಳುತ್ತಿದ್ದ. ನಾನು ಹಾಗೆ ಅನ್ನುವುದಿಲ್ಲ. ಒಪ್ಪಿಕೊಳ್ಳುವುದಕ್ಕೆ ಬಾಯಿ ಇದೆ. ನಾನು ಮನೆ ಹೊಕ್ಕಾಗ ಹೊಟ್ಟಿನ ಕೋಣೆಯಲ್ಲಿ ಅಚ್ಚು ಇರಲಿಲ್ಲ. ಮಾವ ಅದನ್ನು ಕಂಬಾರನಿಗೆ ಕೊಟ್ಟು, ಕಾಯಿಸಿ ಬಡಿಸಿ, ಕುಂಟೆಯ ಅಲಗಾಗುವ ಕುಡ ಮಾಡಿಸಿದ್ದ. ಅದರಿಂದಲೇ ಆ ವರ್ಷ ನಮ್ಮ ಹೊಲದ ಕಳೆ ತೆಗೆದರು. ಮಾವ ಇನ್ನೂ ಬಹಳ ವರ್ಷ ಬದುಕಿದ. ಅವನಿಗೆ ರೊಟ್ಟಿ ಬಡಿದು ಹಾಕಿದೆ, ಮುಪ್ಪಿನಲ್ಲಿ ಮೈ ತೊಳೆದೆ. ಒಂದು ದಿನವೂ ಅವನ ಬಾಯಿಂದ ಆ ಮಾತು ಬರಲಿಲ್ಲ.

ಅಣ್ಣ ಮತ್ತೆ ಶರ್ಯತ್ತಿನ ಗಾಡಿ ಹತ್ತಲಿಲ್ಲ. ಯಾರೂ ಕರೆಯಲೂ ಇಲ್ಲ. ಅವನಿಗೆ ಗೊತ್ತು ಮಾಡಿದ್ದ ಹೆಣ್ಣಿನ ಕಡೆಯವರು ಕುಡುಕ ಎಂಬ ಮಾತು ಕೇಳಿ ಹಿಂದೆ ಸರಿದರು. ತಡವಾಗಿ ಮದುವೆಯಾದ, ಮಕ್ಕಳಾದವು, ಹೊಲ ಉಳಿಸಿಕೊಂಡ.

ಎಷ್ಟೋ ವರ್ಷಗಳ ಮೇಲೆ, ಇಬ್ಬರ ತಲೆಯೂ ಬೆಳ್ಳಗಾದ ಮೇಲೆ, ಒಂದು ಮಧ್ಯಾಹ್ನ ಅವನ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಮಾವ ಸತ್ತಿದ್ದ, ಹಿರಿಯರು ಸತ್ತಿದ್ದರು. ಇನ್ನು ಯಾರ ಹಂಗೂ ಇಲ್ಲ, ಈಗಾದರೂ ಊರಿನಲ್ಲಿ ಖರೇ ಹೇಳು ಎಂದೆ. ಅವನು ತನ್ನ ಗಿಡ್ಡ ಕಾಲು ನೀವಿಕೊಂಡ.

"ಖರೇ ಯಾವುದು ತಂಗಿ? ನಾ ಜಗ್ಗಿರಬೇಕು ಅನಸತೈತಿ."

"ಏನಂದಿ?"

"ಗಾಲಿ ಹೋದ ಮ್ಯಾಲ ಜಗ್ಗಿದೆನೋ, ಜಗ್ಗಿದ ಮ್ಯಾಲ ಗಾಲಿ ಹೋತೋ, ನನಗ ಈಗ ನೆನಪಿಲ್ಲ. ಇಷ್ಟು ವರ್ಷ ಎಲ್ಲಾರೂ ಅದನ್ನ ಹೇಳ್ಯಾರ, ನಾನೂ ಅದನ್ನ ಹೇಳೀನಿ. ಕಣ್ಣು ಮುಚ್ಚಿದ್ರ ಕೈಯಾಗ ಹಗ್ಗ ಬಿಗಿ ಆದಂಗ ಆಗತೈತಿ."

"ಹಗ್ಗ ಇಳಿಬಿದ್ದಿತ್ತು. ನಾ ನೋಡೀನಿ."

"ನೀ ಬದುವಿನ ಮ್ಯಾಲ ಇದ್ದಿ. ನಾ ಗಾಡ್ಯಾಗ ಇದ್ದೆ," ಎಂದ, ಮೆತ್ತಗೆ, ಚಿಕ್ಕವಳಿಗೆ ತಿಳಿಸಿ ಹೇಳುವಂತೆ.

ಅವನ ಕಾಲು ಹೋದದ್ದನ್ನು ನಾನು ಹೇಗೋ ನುಂಗಿಕೊಂಡಿದ್ದೆ. ಎತ್ತು, ಹೆಸರು, ಮುರಿದ ಸಂಬಂಧ, ಎಲ್ಲವನ್ನೂ ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ತನ್ನ ಕೈ ಏನು ಮಾಡಿತ್ತು ಎಂಬುದು ಅವನಿಗೊಬ್ಬನಿಗೆ ಗೊತ್ತಿದ್ದ ಸಂಗತಿ. ಅದನ್ನೂ ಆ ಊರವರು ಕಿತ್ತುಕೊಂಡಿದ್ದರು, ಅವನು ಕೊಟ್ಟೂ ಬಿಟ್ಟಿದ್ದ.

ನಾನು ಎದ್ದು ಚೀಲ ತೆಗೆದುಕೊಂಡೆ. ಚಹಾ ಕುಡಿದು ಹೋಗು ಎಂದ, ಒಲ್ಲೆ ಎಂದೆ. ಬಸ್ಸು ನಿಲ್ಲುವ ಜಾಗದ ತನಕ ಕುಂಟುತ್ತ ನನ್ನ ಜೊತೆ ಬಂದ. ಬಸ್ಸು ಬಂದಾಗ ಅವನೇ ಮುಂದೆ ಹೋಗಿ ಕೈ ಅಡ್ಡ ಹಿಡಿದು ನಿಲ್ಲಿಸಿದ, ನನ್ನ ಚೀಲವನ್ನು ಮೇಲೆ ಎತ್ತಿಕೊಟ್ಟ. ಕಿಟಕಿಯ ಹತ್ತಿರ ಬಂದು, ಮನೆ ಮುಟ್ಟಿದ ಮೇಲೆ ಯಾರ ಕಡೆಯಾದರೂ ಹೇಳಿ ಕಳಿಸು ಎಂದ. ನಾನು ಮುಖ ತಿರುಗಿಸಿ ಕೂತೆ.